ಮೂರು ಡಬ್ಬಿಗಳ ಚುನಾವಣೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಪುತ್ತೂರಿನಲ್ಲಿ ಬಿಎ ಓದುವಾಗ ರಾಜ್ಯಶಾಸ್ತ್ರ ತೆಗೆದುಕೊಂಡಿದ್ದೇನೆ ಎಂದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಿದ್ದರು, "ಎಂತ, ಎಲೆಕ್ಷನ್‌ಗೆ ನಿಲ್ಲಲಿಕ್ಕಾ?" ಒಮ್ಮೆ ಕೇಳಿದರೆ ನಗಬಹುದು. ಹತ್ತು ಸಲ ಕೇಳಿದ ಮೇಲೆ ನಾನು "ಹೌದು, ನೀವು ಓಟು ಹಾಕ್ತೀರಾ?" ಎಂದು ಹೇಳಿ ಕಿಟಕಿ ಕಡೆ ತಿರುಗಿ ಕೂರುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ, ಹೈಸ್ಕೂಲು ಟೀಚರ್ ಆಗಬೇಕು. ಸುಳ್ಯದ ಕಡೆ ಅಂಗನವಾಡಿ ನಡೆಸುವ ನನ್ನ ಅಮ್ಮ ಮತದಾರರ ಪಟ್ಟಿ ಹಿಡಿದುಕೊಂಡು ಮನೆ ಮನೆ ಹತ್ತಿ ಇಳಿಯುವಾಗ ನಾನೂ ಹಿಂದೆಯೇ ಚೀಲ ಹೊತ್ತು ತಿರುಗಿದವಳು. ತೀರಿಹೋದವರ ಹೆಸರು ತೆಗೆಯುವುದು, ಹದಿನೆಂಟಾದವರ ಹೆಸರು ಸೇರಿಸುವುದು, ಮದುವೆಯಾಗಿ ಹೋದವರ ಹೆಸರು ಬೇರೆ ಊರಿಗೆ ಕಳಿಸುವುದು. ಇದನ್ನು ನೋಡಿ ನೋಡಿ, ದೇಶ ಅಂದರೆ ಅಮ್ಮನ ಕೈಯಲ್ಲಿರುವ ಆ ಪಟ್ಟಿ ಎಂದೇ ನಾನು ಸಣ್ಣದರಲ್ಲಿ ತಿಳಿದುಕೊಂಡಿದ್ದೆ.

ಬಿಎಡ್‌ನ ಎರಡನೇ ವರ್ಷ ನಮ್ಮನ್ನು ಇಂಟರ್ನ್‌ಶಿಪ್ ಎಂದು ಶಾಲೆಗಳಿಗೆ ಹಾಕುತ್ತಾರೆ. ನನಗೆ ಸಿಕ್ಕಿದ್ದು ಕಡಬ ತಾಲೂಕಿನ ಒಳಗಿನ ಒಂದು ಹೈಸ್ಕೂಲು. ಪುತ್ತೂರಿನ ಹಾಸ್ಟೆಲಿನಿಂದ ಬೆಳಿಗ್ಗೆ ಕಾಣಿಯೂರು ದಾರಿಯ ಬಸ್ಸು ಹಿಡಿದು, ಇಳಿದ ಮೇಲೆ ಇಪ್ಪತ್ತು ನಿಮಿಷ ನಡೆಯಬೇಕು. ಎಂಟು, ಒಂಬತ್ತು, ಹತ್ತು ಎಂದು ಮೂರೇ ಕ್ಲಾಸು, ಒಟ್ಟು ಎಂಬತ್ತೈದು ಮಕ್ಕಳು. ಅಲ್ಲಿ ನಾನು ಪಾಠ ಮಾಡಬೇಕು, ಮಾಡಿದ್ದೆಲ್ಲ ರೆಕಾರ್ಡ್ ಬುಕ್ಕಿನಲ್ಲಿ ಬರೆಯಬೇಕು, ಕೊನೆಗೆ ಕಾಲೇಜಿನಿಂದ ನಮ್ಮ ಮೇಡಂ ಬಂದು ನೋಡಿ ಅಂಕ ಕೊಡಬೇಕು. ನಮ್ಮ ಬ್ಯಾಚಿನಲ್ಲಿ ರೆಕಾರ್ಡ್ ಬುಕ್ಕು ಅಂದರೆ ನನ್ನದು. ಚಾರ್ಟು, ನಕ್ಷೆ, ಬಣ್ಣದ ಪೆನ್ನು, ಅಂಚಿಗೆ ಗೆರೆ. ಮೇಡಂ ಉಳಿದವರಿಗೆ ತೋರಿಸುವುದೂ ನನ್ನದನ್ನೇ. ಅದರ ಕೊಬ್ಬು ನನಗೆ ಸ್ವಲ್ಪ ಇತ್ತು ಅಂತಲೇ ಹೇಳಬೇಕು.

ಜೂನ್ ತಿಂಗಳು, ಶಾಲಾ ಸಂಸತ್ತಿನ ಚುನಾವಣೆಯ ಸಮಯ. ನಮ್ಮ ಕಡೆ ಪ್ರತಿ ಶಾಲೆಯಲ್ಲೂ ಇದು ಒಂದು ಗಮ್ಮತ್ತು. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಎಣಿಕೆ, ಕೊನೆಗೆ ಶಾಲಾ ನಾಯಕನ ಪ್ರಮಾಣವಚನ. ಹೆಡ್‌ಮಾಸ್ಟ್ರು ನನ್ನನ್ನು ಕರೆದು, "ಟೀಚರ್, ನೀವು ಪೊಲಿಟಿಕಲ್ ಸೈನ್ಸ್ ಅಲ್ವಾ? ಈ ಸಲದ ಚುನಾವಣೆ ನಿಮಗೇ. ಬೇರೆ ಶಾಲೆಯಲ್ಲಿ ಮೊಬೈಲಿನಲ್ಲಿ ಮಾಡ್ತಾರೆ. ನಮ್ಮದು ಚೀಟಿಯಲ್ಲೇ ಆಗ್ಲಿ," ಎಂದರು. ನನಗೆ ಹಸಿದವಳಿಗೆ ಎಲೆ ಹಾಕಿದ ಹಾಗಾಯಿತು. ಬುಧವಾರ ಮೂರು ಕ್ಲಾಸಿನವರನ್ನೂ ಒಟ್ಟು ಕೂರಿಸಿ, ಚಾರ್ಟು ತೂಗಹಾಕಿ, ಗುಪ್ತ ಮತದಾನದ ಪಾಠ ಮಾಡಿದೆ. "ನೀವು ಯಾರಿಗೆ ಹಾಕಿದ್ದು ಅಂತ ನಿಮ್ಮ ಗೆಳತಿಗೂ ಗೊತ್ತಾಗುದಿಲ್ಲ, ನನಗೂ ಗೊತ್ತಾಗುದಿಲ್ಲ, ಯಾರಿಗೂ ಗೊತ್ತಾಗುದಿಲ್ಲ" ಎಂದು ಮೂರು ಸಲ ಹೇಳಿದೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು.

ನಾಯಕನ ಸ್ಥಾನಕ್ಕೆ ನಿಂತದ್ದು ಇಬ್ಬರು, ಇಬ್ಬರೂ ಹತ್ತನೆಯವರು. ಒಬ್ಬ ವಾಲಿಬಾಲ್ ಆಡುವ ಹುಡುಗ, ಎಲ್ಲರಿಗೂ ಬೇಕಾದವ, ನೋಡಿದರೆ ನಗು ಬರುವಂಥ ಮುಖ. ಇನ್ನೊಬ್ಬಳು ರಬ್ಬರ್ ತೋಟದ ಕಾಲನಿಯ ಹುಡುಗಿ. ಆ ಕಾಲನಿಯವರ ಅಜ್ಜ ಅಜ್ಜಿಯರು ಸಿಲೋನಿನಿಂದ ಬಂದು ರಬ್ಬರ್ ಮರ ಕೆತ್ತುವ ಕೆಲಸಕ್ಕೆ ಸೇರಿದವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ನಮ್ಮದೇ ಕನ್ನಡ, ಆಟದಲ್ಲಿ ತುಳು. ಹುಡುಗಿ ಮಾತು ಕಮ್ಮಿ, ಆದರೆ ಹೊಸದಾಗಿ ಬಂದ ಎಂಟನೆಯ ಮಕ್ಕಳಿಗೆ ಯಾವ ನಳ್ಳಿಯಲ್ಲಿ ನೀರು ಬರುತ್ತದೆ ಎನ್ನುವುದರಿಂದ ಹಿಡಿದು ಬಸ್ ಪಾಸಿನ ಅರ್ಜಿಯವರೆಗೆ ಎಲ್ಲ ಹೇಳಿಕೊಡುತ್ತಿದ್ದವಳು ಅವಳೇ. ಅವಳ ನಾಮಪತ್ರಕ್ಕೆ ಸೂಚಕಿಯಾಗಿ ಸಹಿ ಹಾಕಿದ್ದು ಅವಳ ಬೆಂಚಿನ ಗೆಳತಿ, ಇಬ್ಬರೂ ಬುತ್ತಿಯ ಉಪ್ಪಿನಕಾಯಿ ಹಂಚಿಕೊಳ್ಳುವಷ್ಟು ಹತ್ತಿರ. ನನಗೆ ಒಳಗೊಳಗೇ ಈ ಹುಡುಗಿ ಗೆಲ್ಲಲಿ ಎಂದಿತ್ತು. ಅದನ್ನು ನಾನು ಮುಖದಲ್ಲಿ ತೋರಿಸಲಿಲ್ಲ.

ಗುರುವಾರ ಮತದಾನ. ಬಿಸ್ಕಿಟಿನ ರಟ್ಟಿನ ಡಬ್ಬಿ ಮೂರು ತಂದು, ಮೇಲೆ ಬಿಳಿ ಕಾಗದ ಅಂಟಿಸಿ, ಎಂಟು, ಒಂಬತ್ತು, ಹತ್ತು ಎಂದು ಬರೆದೆ. ರೆಕಾರ್ಡ್ ಬುಕ್ಕಿಗೆ ತರಗತಿವಾರು ಸ್ತಂಭ ನಕ್ಷೆ ಬರೆಯಬೇಕಲ್ಲ, ಅದಕ್ಕೆ. ಯಾವ ಕ್ಲಾಸಿನಲ್ಲಿ ಯಾರಿಗೆ ಎಷ್ಟು, ಮೂರು ಬಣ್ಣದಲ್ಲಿ, ಎಷ್ಟು ಚಂದ ಕಾಣುತ್ತದೆ ಎಂದು ಹಿಂದಿನ ದಿನವೇ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೆ. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಅನ್ನದ ಗಂಜಿ ಬಸಿದು ಹೊರಗೆ ಬಂದವರು ಡಬ್ಬಿ ನೋಡಿ, "ಎಂತಕ್ಕೆ ಟೀಚರ್ ಮೂರು? ಎಂಬತ್ತೈದು ಚೀಟಿಗೆ ಒಂದು ಸಾಕಲ್ಲ," ಎಂದರು.

"ಲೆಕ್ಕ ಸರಿ ಬರಬೇಕಲ್ವಾ ಅಕ್ಕ," ಎಂದೆ.

"ಯಾರ ಲೆಕ್ಕ?" ಎಂದು ಕೇಳಿ ಅವರು ಒಳಗೆ ಹೋದರು. ಪೊಕ್ಕಡೆ, ಸುಮ್ಮನೆ ಆಡಿದ ಮಾತು ಎಂದು ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನದ ಮೇಲೆ ವರಾಂಡದಲ್ಲಿ ಎಲ್ಲರೆದುರು ಎಣಿಕೆ. ಕರಿಹಲಗೆಯಲ್ಲಿ ನಾನೇ ಬರೆಯುವುದು, ನಾನೇ ಓದುವುದು. ಎಂಟನೇ ತರಗತಿ, ಹುಡುಗಿಗೆ ಇಪ್ಪತ್ತನಾಲ್ಕು, ಹುಡುಗನಿಗೆ ಏಳು. ಸಣ್ಣವರು ಬೊಬ್ಬೆ ಹಾಕಿದರು. ಒಂಬತ್ತನೇ ತರಗತಿ, ಹುಡುಗಿಗೆ ಇಪ್ಪತ್ತು, ಹುಡುಗನಿಗೆ ಎಂಟು. ಆಮೇಲೆ ಹತ್ತನೆಯ ಡಬ್ಬಿ ಬಿಚ್ಚಿದೆ. ಒಂದು ಚೀಟಿ ಹುಡುಗನಿಗೆ, ಇನ್ನೊಂದು ಹುಡುಗನಿಗೆ, ಮತ್ತೊಂದೂ ಅವನಿಗೇ. ಹತ್ತು ದಾಟುವಾಗ ಏನೋ ಸರಿಯಿಲ್ಲ ಎಂದು ನನಗೆ ಗೊತ್ತಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ಮೂರೂ ಡಬ್ಬಿಯದ್ದನ್ನು ಒಟ್ಟು ಸೇರಿಸಿ ಬರೇ ಮೊತ್ತ ಹೇಳಿದ್ದರೆ ಮುಗಿದಿತ್ತು. ಆದರೆ ಕೈ ನಿಲ್ಲಲಿಲ್ಲ. "ಹತ್ತನೇ ತರಗತಿ, ಹುಡುಗನಿಗೆ ಇಪ್ಪತ್ತಾರು, ಹುಡುಗಿಗೆ ಸೊನ್ನೆ," ಎಂದು ಗಟ್ಟಿ ಸ್ವರದಲ್ಲಿ ಓದಿ, ಹಲಗೆಯಲ್ಲಿ ದೊಡ್ಡ ಸೊನ್ನೆ ಬರೆದೆ.

ಹತ್ತನೇ ತರಗತಿಯಲ್ಲಿ ಇರುವುದೇ ಇಪ್ಪತ್ತಾರು ಮಕ್ಕಳು. ಸೂಚಕಿ ಅವಳಿಗೆ ಹಾಕಿರಲಿಲ್ಲ. ಹುಡುಗಿಯೂ ತನಗೆ ತಾನು ಹಾಕಿಕೊಂಡಿರಲಿಲ್ಲ.

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಮೊತ್ತದಲ್ಲಿ ಅವಳಿಗೆ ನಲವತ್ತನಾಲ್ಕು, ಅವನಿಗೆ ನಲವತ್ತೊಂದು. ಅವಳೇ ಗೆದ್ದದ್ದು. ನಾನು ಚಪ್ಪಾಳೆ ಹೊಡೆಸಿದೆ. ಅವಳು ಎದ್ದು ನಿಂತು ಎಲ್ಲರಿಗೂ ಕೈ ಮುಗಿದು ಕೂತಳು. ಹಲಗೆಯ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಮೊಬೈಲು ತೆಗೆದು ಹಲಗೆಯ ಫೋಟೋ ಹೊಡೆದೆ, ರೆಕಾರ್ಡ್ ಬುಕ್ಕಿಗೆ.

ಶುಕ್ರವಾರ ಹುಡುಗಿ ಶಾಲೆಗೆ ಬರಲಿಲ್ಲ.

ಜ್ವರ ಇರಬಹುದು ಎಂದು ಒಂದು ಪೀರಿಯಡ್ ನನಗೆ ನಾನೇ ಹೇಳಿಕೊಂಡೆ. ಎರಡನೇ ಪೀರಿಯಡ್‌ಗೆ ಹತ್ತನೆಯವರ ಕ್ಲಾಸಿಗೆ ಹೋದೆ. ಅವಳ ಬೆಂಚಿನಲ್ಲಿ ಸೂಚಕಿ ಒಬ್ಬಳೇ, ಗೋಡೆ ಕಡೆ ಸರಿದು ಕೂತಿದ್ದಳು. ಅದನ್ನು ನೋಡಿದ್ದೇ ನನ್ನ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ, ತಪ್ಪು ಮಾಡಿದವಳು ನಾನು, ಬೈಗುಳ ಅವರಿಗೆ. "ನಿಮಗೆ ನಾಚಿಕೆ ಆಗುದಿಲ್ವಾ? ಎಂಟನೆಯಿಂದ ಒಟ್ಟಿಗೆ ಕೂತವಳಿಗೆ ಒಂದು ಓಟಿಲ್ಲ? ಅವಳು ಕಾಲನಿಯವಳು ಅಂತ ಅಲ್ವಾ?" ಎಂದು ಕೂಗಿದೆ. ಆಮೇಲೆ ಸೂಚಕಿಯ ಕಡೆ ಬೆರಳು ತೋರಿಸಿ, "ಸಹಿ ಹಾಕಿದವಳು ನೀನು. ನೀನು ಎಂತಕ್ಕೆ ಹಾಕ್ಲಿಲ್ಲ, ಎದ್ದು ನಿಂತು ಹೇಳು," ಎಂದೆ.

ಅವಳು ಎದ್ದಳು. ಮುಖ ಕೆಂಪಾಗಿ, ಸೆರಗಿಲ್ಲದ ಯೂನಿಫಾರ್ಮಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡು ಹೇಳಿದಳು, "ಟೀಚರ್, ಕ್ಲಾಸಿನವರೆಲ್ಲ ಅವನಿಗೇ ಅಂತ ಮಾತಾಡಿದ್ರು. ನಾನು ಒಬ್ಬಳು ಹಾಕದಿದ್ರೆ ಅವಳಿಗೆ ಗೊತ್ತಾಗುದಿಲ್ಲ ಅಂದುಕೊಂಡೆ. ನೀವೇ ಹೇಳಿದ್ದಲ್ವಾ, ಯಾರಿಗೂ ಗೊತ್ತಾಗುದಿಲ್ಲ ಅಂತ."

ಗುಪ್ತ ಮತದಾನ ಎಂದು ಚಾರ್ಟು ತೂಗಿದವಳು ನಾನು, ಡಬ್ಬಿಗೆ ಕ್ಲಾಸಿನ ಹೆಸರು ಬರೆದವಳು ನಾನು, ಈಗ ಇಪ್ಪತ್ತೈದು ಮಕ್ಕಳ ಎದುರು ನೀನು ಯಾರಿಗೆ ಹಾಕಿದ್ದು ಎಂದು ಕೇಳಿದವಳೂ ನಾನೇ. "ಕೂತ್ಕೋ," ಎಂದು ಹೇಳಿ, ಪುಸ್ತಕ ತೆಗೆದು ಏನೋ ಪಾಠ ಮಾಡಿದೆ. ಏನು ಮಾಡಿದೆ ಎಂದು ಇವತ್ತಿಗೂ ನೆನಪಿಲ್ಲ.

ಶನಿವಾರವೂ ಅವಳಿಲ್ಲ. ಹೆಡ್‌ಮಾಸ್ಟ್ರು ಆಫೀಸಿಗೆ ಕರೆದರು. "ಸೋಮವಾರ ಪ್ರಮಾಣವಚನ. ನಿಮ್ಮ ಕಾಲೇಜಿನ ಮೇಡಂ ಬರುದೂ ಅವತ್ತೇ. ಆ ಹುಡುಗಿ ಬರದಿದ್ರೆ ನಾನು ಹುಡುಗನನ್ನೇ ನಿಲ್ಲಿಸುದು. ಆದರೆ ನಾಯಕನ ಕತೆ ಬಿಡಿ ಟೀಚರ್, ಎಸ್ಸೆಸ್ಸೆಲ್ಸಿ ಹುಡುಗಿ ಅವಳು. ಆ ಕಾಲನಿಯಿಂದ ನಾಲ್ಕು ದಿನ ತಪ್ಪಿಸಿದವರು ಐದನೇ ದಿನ ಬಂದದ್ದು ನಾನು ಕಂಡದ್ದು ಕಮ್ಮಿ," ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರ ಆಗುತ್ತಿದ್ದೆ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾಲನಿಗೆ ನಡೆದೆ. ದಾರಿ ತೋರಿಸಿದ್ದು ಅಡುಗೆಯ ಅಕ್ಕ. ಸಾಲು ಸಾಲು ರಬ್ಬರ್ ಮರ, ಪ್ರತಿ ಮರಕ್ಕೂ ಹಾಲು ಇಳಿಯಲಿಕ್ಕೆ ಕಟ್ಟಿದ ಚಿಪ್ಪು, ಗಾಳಿಯಲ್ಲಿ ಹುಳಿ ಹುಳಿ ಹಾಲಿನ ವಾಸನೆ. ಹೋಗಿ ಎಂತ ಹೇಳುವುದು? ನೀನು ಗೆದ್ದಿದ್ದಿ, ಬಾ ಎಂದಾ? ಅದನ್ನು ಹೇಳಲಿಕ್ಕೆ ಟೀಚರ್ ಯಾಕೆ ಬೇಕು, ಹಲಗೆಯೇ ಹೇಳಿತ್ತು.

ಅವಳ ಅಮ್ಮ ಕೆಲಸದಿಂದ ಬಂದು ಬಕೆಟು ತೊಳೆಯುತ್ತಿದ್ದರು. ನನ್ನನ್ನು ನೋಡಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು, ಕಪ್ಪು ಚಾ ಕೊಟ್ಟರು. "ಟೀಚರಮ್ಮಾ, ಅವಳು ಒಂದೂ ಹೇಳುದಿಲ್ಲ. ಶಾಲೆ ಬೇಡ ಅಂತಾಳೆ, ಅಷ್ಟೇ. ಪುತ್ತೂರಿನಲ್ಲಿ ಅವಳ ಚಿತ್ತಿ ಇದ್ದಾಳೆ, ನನ್ನ ತಂಗಿ. ಟೈಲರಿಂಗ್ ಕಲಿಸ್ತಾಳೆ. ಮಂಗಳವಾರ ಕಳಿಸುದು ಅಂತ ಮಾಡಿದ್ದೇವೆ," ಎಂದರು. ಮಂಗಳವಾರಕ್ಕೆ ಇನ್ನು ಮೂರೇ ದಿನ.

ಹುಡುಗಿ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಬಿಟ್ಟು, "ತಪ್ಪು ನನ್ನದು ಮಗಾ. ಡಬ್ಬಿ ಬೇರೆ ಬೇರೆ ಇಡಬಾರದಿತ್ತು. ನನ್ನ ಪುಸ್ತಕದ ಚಂದಕ್ಕೆ ಇಟ್ಟದ್ದು," ಎಂದೆ.

ಅವಳು ಹೇಳಿದಳು, "ನನಗೆ ಮೊದಲೇ ಗೊತ್ತಿತ್ತು ಟೀಚರ್, ಅವರು ಯಾರೂ ಹಾಕುದಿಲ್ಲ ಅಂತ. ಅದಕ್ಕೇ ನಾನೂ ನನಗೆ ಹಾಕ್ಲಿಲ್ಲ. ಹತ್ತನೆಯ ಡಬ್ಬಿಯಲ್ಲಿ ಒಂದು ಓಟು ಬಂದ್ರೆ ಅದು ನಂದೇ ಅಂತ ಎಲ್ಲರಿಗೂ ಗೊತ್ತಾಗ್ತದಲ್ಲ."

"ಗೊತ್ತಿದ್ದರೆ ಮತ್ತೆ ಇಷ್ಟು ಬೇಜಾರು ಎಂತಕ್ಕೆ?" ಎಂದೆ. ಎಂಥ ದಡ್ಡ ಪ್ರಶ್ನೆ.

"ನನಗೆ ಗೊತ್ತುಂಟು ಅಂತ ಅವರಿಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಇನ್ನು ಒಟ್ಟಿಗೆ ಕೂತು ಊಟ ಮಾಡುದು ಹೇಗೆ ಟೀಚರ್?"

ಮೂರು ವರ್ಷ ಬಿಎ, ಎರಡನೇ ವರ್ಷದ ಬಿಎಡ್. ಗುಪ್ತ ಮತದಾನ ಯಾಕೆ ಬೇಕು ಎನ್ನುವುದಕ್ಕೆ ಹತ್ತು ಅಂಕದ ಉತ್ತರ ನಾನು ಎಷ್ಟು ಸಲ ಬರೆದಿದ್ದೇನೋ. ಬೆದರಿಕೆ, ಆಮಿಷ, ಒತ್ತಡ, ಎಲ್ಲ ಬರೆದಿದ್ದೆ. ಓಟು ಮುಗಿದ ಮೇಲೂ ಜನ ಒಂದೇ ಬೆಂಚಿನಲ್ಲಿ ಕೂರಬೇಕು ಎಂದು ಒಮ್ಮೆಯೂ ಬರೆದಿರಲಿಲ್ಲ. ನನಗೆ ಅಳು ಬಂತು. ಅಳಲಿಲ್ಲ, ಅವಳ ಎದುರು ಅಳುವ ಹಕ್ಕು ನನಗಿಲ್ಲ ಎಂದು ಚಾ ಕುಡಿದೆ.

"ನಾನು ಎಂತ ಮಾಡ್ಲಿ, ನೀನೇ ಹೇಳು," ಎಂದೆ.

"ಇನ್ನೊಮ್ಮೆ ಓಟು ಮಾಡಿ. ಒಂದೇ ಡಬ್ಬಿಯಲ್ಲಿ."

"ನೀನು ಗೆದ್ದಾಗಿದೆ. ಇನ್ನೊಮ್ಮೆ ಮಾಡಿ ಸೋತ್ರೆ?"

"ಸೋತ್ರೆ ಸೋತೆ. ಯಾರು ಹಾಕ್ಲಿಲ್ಲ ಅಂತ ಮಾತ್ರ ಗೊತ್ತಾಗ್ಬಾರ್ದು." ಅಷ್ಟು ಹೇಳಿ ಒಳಗೆ ಹೋದಳು. ಬರುತ್ತೇನೆ ಎಂದು ಹೇಳಲಿಲ್ಲ. ಅವಳ ಅಮ್ಮನೂ ಮಂಗಳವಾರದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಭಾನುವಾರ ಇಡೀ ದಿನ ನನಗೆ ಮಂಡೆ ಬಿಸಿ. ಮರು ಮತದಾನ ಅಂದರೆ ನನ್ನ ತಪ್ಪನ್ನು ಮೇಡಂ ಎದುರು, ಹೆಡ್‌ಮಾಸ್ಟ್ರ ಎದುರು, ಮಕ್ಕಳ ಎದುರು ಹೇಳಬೇಕು. ಇಂಟರ್ನ್‌ಶಿಪ್ಪಿನ ಅಂಕ ಹೋಗುತ್ತದೆ. ಹೇಳದೇ ಇರಲಿಕ್ಕೂ ದಾರಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಹುಡುಗ ಪ್ರಮಾಣ ತೆಗೆದುಕೊಳ್ಳುತ್ತಾನೆ, ಮೇಡಂ ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಹುಡುಗಿ ಪುತ್ತೂರಿಗೆ ಹೋಗುತ್ತಾಳೆ, ಯಾರೂ ನನ್ನನ್ನು ಕೇಳುವುದಿಲ್ಲ. ಸಂಜೆಯ ಹೊತ್ತಿಗೆ ಈ ದಾರಿಯೇ ಸರಿ ಎಂದು ಎರಡು ಸಲ ಅನ್ನಿಸಿತು. ಅಮ್ಮನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅಮ್ಮ, "ಪಟ್ಟಿಯಲ್ಲಿ ತಪ್ಪಾದ್ರೆ ನಾನು ಎಂತ ಮಾಡುದು? ಅದೇ ಮನೆಗೆ ಇನ್ನೊಮ್ಮೆ ಹೋಗುದು. ಬೇರೆ ಎಂತ ಉಂಟು ಅದರಲ್ಲಿ," ಎಂದು ಫೋನಿಟ್ಟಳು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟ್ರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗೆದ್ದವಳನ್ನು ನೀವೇ ಇಳಿಸುದಾ? ಇವತ್ತು ನಿಮ್ಮ ಮೇಡಂ ಬರುದು. ಮಂಡೆ ಸಮ ಉಂಟಾ ಟೀಚರ್?"

"ಅವಳೇ ಕೇಳಿದ್ದು ಸರ್."

"ಅವಳು ಬಂದಿದ್ದಾಳಾ?"

ಬಂದಿರಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಹತ್ತನೆಯವರ ಕೊನೆಗೆ ಅವಳ ಜಾಗ ಖಾಲಿ ಇತ್ತು. ಮೇಡಂ ಮೊದಲ ಬಸ್ಸಿಗೇ ಬಂದು ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಅಂಕದ ಹಾಳೆ. ಹೆಡ್‌ಮಾಸ್ಟ್ರು ನನ್ನ ಕಡೆ ನೋಡಿ, ಹೇಳುದಾದ್ರೆ ಹೇಳಿ ಎನ್ನುವ ಹಾಗೆ ಕೈ ಮಾಡಿದರು. ಇಲ್ಲದವಳಿಗಾಗಿ ಇರುವವರೆಲ್ಲರ ಎದುರು ತಲೆ ತಗ್ಗಿಸುವುದು ಸುಲಭ ಅಲ್ಲ ಮಾರಾಯ್ರೆ. ಆದರೂ ಹೇಳಿದೆ. "ಯಾರಿಗೂ ಗೊತ್ತಾಗುದಿಲ್ಲ ಅಂತ ನಾನು ನಿಮಗೆ ಮಾತು ಕೊಟ್ಟಿದ್ದೆ. ಆಮೇಲೆ ಎಲ್ಲರಿಗೂ ಗೊತ್ತಾಗುವ ಹಾಗೆ ಮಾಡಿದೆ. ಶುಕ್ರವಾರ ಹತ್ತನೆಯವರಿಗೆ ಬೈದದ್ದೂ ತಪ್ಪು. ನೀವು ಯಾರಿಗೆ ಹಾಕುದು ಅನ್ನುದು ನಿಮ್ಮದು, ಕೇಳುವ ಅಧಿಕಾರ ನನಗಿಲ್ಲ. ಆ ಚುನಾವಣೆ ಲೆಕ್ಕಕ್ಕಿಲ್ಲ. ಇವತ್ತು ಇನ್ನೊಮ್ಮೆ, ಒಂದೇ ಡಬ್ಬಿಯಲ್ಲಿ."

ಮೇಡಂ ಹಾಳೆಯ ಮೇಲೆ ಏನೋ ಬರೆದದ್ದು ಕಂಡಿತು. ವಾಲಿಬಾಲ್ ಹುಡುಗ ಮಾತ್ರ ಸಾಲಿನಿಂದಲೇ, "ನನಗೆ ಎಂತ ತೊಂದರೆ ಇಲ್ಲ ಟೀಚರ್," ಎಂದ. ಒಳ್ಳೆಯ ಹುಡುಗ.

ಡಬ್ಬಿ ಹುಡುಕುವಾಗ ಅಡುಗೆ ಕೋಣೆಯ ಬಾಗಿಲು ತೆರೆಯಿತು. ಅಕ್ಕ ಬೇಳೆ ತುಂಬಿಡುವ ದೊಡ್ಡ ಸ್ಟೀಲ್ ಡಬ್ಬಿ ಖಾಲಿ ಮಾಡಿ ಹಿಡಿದುಕೊಂಡು ಬಂದರು. ಅವರ ಹಿಂದೆ ಆ ಹುಡುಗಿ, ಯೂನಿಫಾರ್ಮು ಹಾಕಿ, ಚೀಲ ಹೆಗಲಿಗೇರಿಸಿ. ಪ್ರಾರ್ಥನೆಗೆ ಮುಂಚೆಯೇ ಬಂದು ಅಕ್ಕನ ಹತ್ತಿರ ಕೂತು, ನಾನು ಹೇಳುತ್ತೇನೋ ಇಲ್ಲವೋ ಎಂದು ಅಲ್ಲಿಂದಲೇ ಕೇಳುತ್ತಿದ್ದಳಂತೆ. ಹೇಳದೇ ಇದ್ದಿದ್ದರೆ ಹಿಂದಿನ ಬಾಗಿಲಿನಿಂದ ಹೊರಟು, ಮರುದಿನ ಪುತ್ತೂರಿನ ಚಿತ್ತಿಯ ಮನೆಗೇ ಹೋಗುತ್ತಿದ್ದಳು, ಅಕ್ಕ ಆಮೇಲೆ ನನಗೆ ಹೇಳಿದರು.

ಎಂಬತ್ತೈದು ಮಕ್ಕಳೂ ಒಬ್ಬೊಬ್ಬರಾಗಿ ಬಂದು ಚೀಟಿ ಹಾಕಿದರು. ಎಲ್ಲ ಮುಗಿದ ಮೇಲೆ ಅಕ್ಕ ಸೌಟು ತಂದು ಡಬ್ಬಿಯೊಳಗೆ ಹಾಕಿ ಸಾಂಬಾರು ತಿರುಗಿಸಿದ ಹಾಗೆ ಚೀಟಿಗಳನ್ನು ಬೆರೆಸಿದರು. ಮಕ್ಕಳು ನಕ್ಕರು, ಹೆಡ್‌ಮಾಸ್ಟ್ರೂ ನಕ್ಕರು. ನಾನು ನಗಲಿಲ್ಲ. ಎಣಿಕೆ ಕೊನೆಯ ಚೀಟಿಯವರೆಗೂ ಸಮ ಸಮ ಬಂತು. ಹುಡುಗನಿಗೆ ನಲವತ್ತಮೂರು, ಹುಡುಗಿಗೆ ನಲವತ್ತೆರಡು. ಒಂದೇ ಒಂದು ಓಟಿನಲ್ಲಿ ಸೋತಳು. ಎರಡನೆಯವರು ಉಪನಾಯಕರಾಗುವುದು ಆ ಶಾಲೆಯ ಪದ್ಧತಿ. ಅವನು ಪ್ರಮಾಣ ತೆಗೆದುಕೊಂಡ ಮೇಲೆ ಅವಳೂ ಕೈ ಮುಂದೆ ಚಾಚಿ ತೆಗೆದುಕೊಂಡಳು. ಅವಳ ಕೈಯಲ್ಲಿದ್ದ ಗೆಲುವನ್ನು ನಾನು ಎರಡು ಸಲ ಹಾಳು ಮಾಡಿದೆ ಅನ್ನಿಸಿತು.

ಮೇಡಂ ನನ್ನ ರೆಕಾರ್ಡ್ ಬುಕ್ಕು ತೆರೆದು, ಪೆನ್ಸಿಲಿನಲ್ಲಿ ಗೆರೆ ಎಳೆದು ಖಾಲಿ ಬಿಟ್ಟ ಪುಟ ನೋಡಿ, "ತರಗತಿವಾರು ವಿವರ ಇಲ್ಲ," ಎಂದು ಕೆಂಪು ಶಾಯಿಯಲ್ಲಿ ಬರೆದರು. ಅಂಕ ಕಡಿಮೆ ಮಾಡಿದರು. ನಾನು ವಾದ ಮಾಡಲಿಲ್ಲ. ಈಗ ಸುಳ್ಯದಲ್ಲಿ ಅತಿಥಿ ಶಿಕ್ಷಕಿಯಾಗಿ ಅದೇ ಪಾಠ ಮಾಡುತ್ತಿದ್ದೇನೆ, ಆ ಪುಟ ಇನ್ನೂ ಹಾಗೇ ನನ್ನ ಕಪಾಟಿನಲ್ಲಿ ಉಂಟು.

ಅವತ್ತು ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ಹುಡುಗಿ ನಳ್ಳಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಒಂದು ಓಟು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಈ ಸಲವೂ ನಾಚಿಕೆ ಮಾಡಿಕೊಂಡು ಅವನಿಗೇ ಹಾಕಿದಳಾ? ತನಗೇ ಹಾಕಿಕೊಂಡಿದ್ದರೆ ಗೆಲ್ಲುತ್ತಿದ್ದಳಾ? ತಡೆಯಲಾಗದೆ ಹತ್ತಿರ ಹೋಗಿ ಸಣ್ಣ ಸ್ವರದಲ್ಲಿ ಕೇಳಿದೆ, "ಈ ಸಲ ನಿನಗೆ ನೀನು ಹಾಕಿದ್ಯಾ ಮಗಾ?"

ಅವಳು ತಟ್ಟೆಯ ನೀರು ಕೊಡವಿ ನನ್ನ ಮುಖ ನೋಡಿದಳು. ಆ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು.

"ಅದನ್ನು ನೀವು ಕೇಳ್ಲಿಕ್ಕಿಲ್ಲ ಟೀಚರ್," ಎಂದಳು.

ವರಾಂಡದಲ್ಲಿ ಸೂಚಕಿ ಸರಿದು ಪಕ್ಕದಲ್ಲಿ ಜಾಗ ಮಾಡಿದ್ದಳು. ಹುಡುಗಿ ಹೋಗಿ ಅಲ್ಲಿ ಊಟಕ್ಕೆ ಕೂತಳು.